ಸ್ಟೋಮಾ ಬ್ಯಾಗ್ ಸೋರುತ್ತಿದೆಯಾ? ಬಿಚ್ಚಿದ ಪ್ಲೇಟನ್ನು ಮೊದಲು ತಿರುಗಿಸಿ ನೋಡಿ

ರಾತ್ರಿ ಎರಡು ಗಂಟೆಗೆ ಹಾಸಿಗೆ ಒದ್ದೆಯಾಗಿ ಎಚ್ಚರವಾಗುವುದು ಅಂದರೆ ಏನು ಅಂತ ಸ್ಟೋಮಾ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ನೋಡಿಕೊಳ್ಳುವವರಿಗೂ ಅಷ್ಟೇ. ಸ್ಟೋಮಾ ಅಂದರೆ ಮಲ ಅಥವಾ ಮೂತ್ರ ಹೊರಬರಲು ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ಮಾಡಿದ ಬಾಯಿ. ತೂತು ಕತ್ತರಿಸಿದ ಅಂಟು ಪ್ಲೇಟನ್ನು ಅದರ ಸುತ್ತ ಚರ್ಮಕ್ಕೆ ಅಂಟಿಸುತ್ತಾರೆ, ಬ್ಯಾಗ್ ನಿಲ್ಲುವುದು ಆ ಪ್ಲೇಟಿನ ಮೇಲೆ. ಅಪ್ಪನಿಗೆ ಇಲಿಯೊಸ್ಟಮಿ (ಸಣ್ಣ ಕರುಳಿನಿಂದ ಮಾಡುವ ಸ್ಟೋಮಾ) ಆದ ಮೊದಲ ಎರಡು ತಿಂಗಳು ನಮ್ಮ ಮನೆಯಲ್ಲಿ ಇದು ದಿನ ಬಿಟ್ಟು ದಿನದ ಕಥೆ. ಸೋರಿದಾಗಲೆಲ್ಲ ನಾವು ಮಾಡುತ್ತಿದ್ದದ್ದು ಒಂದೇ ಕೆಲಸ, ಇನ್ನಷ್ಟು ಪೇಸ್ಟ್ ಮೆತ್ತಿ ಅಂಚಿಗೆಲ್ಲ ಟೇಪ್ ಹಚ್ಚುವುದು. ಅಂಟು ಸಾಲುತ್ತಿಲ್ಲ ಅಂದುಕೊಂಡಿದ್ದೆವು. ಅಂಟು ಚೆನ್ನಾಗಿಯೇ ಇತ್ತು. ನಾವು ಕತ್ತರಿಸುತ್ತಿದ್ದ ತೂತು ದೊಡ್ಡದಾಗಿತ್ತು, ಅಷ್ಟೇ.

ಆಮೇಲೆ ಗೊತ್ತಾಯಿತು, ಸೋರಿಕೆಗೆ ಹೆಚ್ಚಿನ ಸಲ ಕಾರಣ ಆಕಾರ. ತೂತಿನ ಆಕಾರ, ಹೊಟ್ಟೆಯ ಆಕಾರ, ಕೂತಾಗ ಬೀಳುವ ಮಡಿಕೆಯ ಆಕಾರ. ಅದನ್ನು ಸರಿಮಾಡದೆ ಎಷ್ಟು ಅಂಟು ಸುರಿದರೂ ಅಷ್ಟೇ.

ಚರ್ಮ ಯಾಕೆ ಅಷ್ಟು ಉರಿಯುತ್ತದೆ

ಸಣ್ಣ ಕರುಳಿನಿಂದ ಹೊರಬರುವ ದ್ರವದಲ್ಲಿ ಜೀರ್ಣರಸಗಳು ಇನ್ನೂ ಕೆಲಸ ಮಾಡುತ್ತಲೇ ಇರುತ್ತವೆ. ಊಟವನ್ನು ಕರಗಿಸುವ ಆ ರಸಕ್ಕೆ ಚರ್ಮ ಸಿಕ್ಕರೆ ಅದನ್ನೂ ಬಿಡುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕೆಂಪಾಗಿ, ಹಸಿಯಾಗಿ, ನೀರು ಜಿನುಗಲು ಶುರುವಾಗುತ್ತದೆ. ಅದಕ್ಕೇ ಇಲಿಯೊಸ್ಟಮಿ ಇರುವವರಿಗೆ ಈ ಕಾಟ ಜಾಸ್ತಿ. ದೊಡ್ಡ ಕರುಳಿನ ಕೊಲೊಸ್ಟಮಿಯಲ್ಲಿ ಮಲ ಸ್ವಲ್ಪ ಗಟ್ಟಿ, ಹಾಗಾಗಿ ಸ್ವಲ್ಪ ನಿರಾಳ. ಯುರೊಸ್ಟಮಿಯಲ್ಲಿ ಮೂತ್ರ ಸದಾ ತೊಟ್ಟಿಕ್ಕುತ್ತಲೇ ಇರುವುದರಿಂದ ಚರ್ಮ ನೆನೆದು ಬೆಳ್ಳಗೆ ಮೆತ್ತಗಾಗುತ್ತದೆ.

1952ರಲ್ಲಿ ಇಂಗ್ಲೆಂಡಿನ ಸರ್ಜನ್ ಬ್ರಯಾನ್ ಬ್ರೂಕ್ ಒಂದು ಸರಳ ಉಪಾಯ ಹೇಳಿದರು. ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದ ಹಾಗೆ ಹೊರಕ್ಕೆ ಮಗುಚಿ ಹೊಲಿದರೆ ಅದು ಪುಟ್ಟ ನಳಿಕೆಯ ಹಾಗೆ ಮುಂದೆ ಚಾಚಿ ನಿಲ್ಲುತ್ತದೆ, ದ್ರವ ಚರ್ಮದ ಮೇಲೆ ಹರಿಯದೆ ನೇರ ಬ್ಯಾಗಿಗೆ ಬೀಳುತ್ತದೆ. ಇವತ್ತಿಗೂ ಇಲಿಯೊಸ್ಟಮಿ ಮಾಡುವುದು ಹೆಚ್ಚಾಗಿ ಹೀಗೆಯೇ. ನಿಮ್ಮ ಸ್ಟೋಮಾ ಹೀಗೆ ಚಾಚಿಕೊಂಡಿದೆಯೋ, ಚರ್ಮದ ಮಟ್ಟಕ್ಕೇ ಇದೆಯೋ, ಒಳಗೆ ಎಳೆದುಕೊಂಡಿದೆಯೋ ಅನ್ನುವುದನ್ನು ಇವತ್ತೇ ಪಕ್ಕದಿಂದ ಒಮ್ಮೆ ನೋಡಿಕೊಳ್ಳಿ. ಮುಂದೆ ಹೇಳುವ ಅರ್ಧ ವಿಷಯ ಅದರ ಮೇಲೆಯೇ ನಿಂತಿದೆ.

ಮೊದಲ ಕೆಲಸ: ಪ್ಲೇಟಿನ ಹಿಂಬದಿ ಓದುವುದು

ಬೇಸ್‌ಪ್ಲೇಟ್ ಬಿಚ್ಚುವ ಮೊದಲು ಅದರ ಮೇಲ್ತುದಿಗೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಸುಮ್ನೆ ಅಲ್ಲ. ಬಿಚ್ಚಿ ತಿರುಗಿಸಿದಾಗ ಎಡ ಬಲ ಅದಲುಬದಲಾಗುತ್ತದೆ, ಗುರುತಿಲ್ಲದಿದ್ದರೆ ಯಾವ ಕಡೆಯಿಂದ ಸೋರಿತು ಅನ್ನುವುದೇ ತಿಳಿಯುವುದಿಲ್ಲ.

ಈಗ ಅಂಟಿನ ಕಡೆ ನೋಡಿ. ತೂತಿನ ಸುತ್ತ ಒಂದಿಷ್ಟು ಅಗಲ ಬೆಳ್ಳಗೆ ಉಬ್ಬಿ ಲೋಳೆಯಾಗಿರುತ್ತದೆ. ಅದು ಎಲ್ಲ ಕಡೆ ಸಮನಾಗಿ, ಕೆಲವು ಮಿಲಿಮೀಟರ್ ಮಾತ್ರ ಇದ್ದರೆ ಚಿಂತೆಯಿಲ್ಲ. ಪ್ಲೇಟಿನ ಅಂಟು ಪದರ ತೇವ ಹೀರಿಕೊಳ್ಳುವ ಹಾಗೆಯೇ ಮಾಡಿರುತ್ತಾರೆ. ಆ ಬಿಳಿ ಪಟ್ಟಿ ಅಂಚಿನವರೆಗೂ ಹರಡಿದ್ದರೆ ಪ್ಲೇಟ್ ತುಂಬ ದಿನ ಇಟ್ಟಿದ್ದೀರಿ ಅಂತ ಅರ್ಥ. ಸುತ್ತ ಎಲ್ಲ ಚೆನ್ನಾಗಿದ್ದು ಒಂದೇ ಕಡೆ, ಗಡಿಯಾರದ ಲೆಕ್ಕದಲ್ಲಿ ಐದು ಗಂಟೆಯ ಜಾಗದಲ್ಲೋ ಒಂಬತ್ತರ ಜಾಗದಲ್ಲೋ, ಕಾಲುವೆ ಕೊರೆದ ಹಾಗೆ ಕರಗಿ ಹೋಗಿದ್ದರೆ ಅಲ್ಲಿ ಚರ್ಮದಲ್ಲಿ ಒಂದು ಮಡಿಕೆ ಅಥವಾ ತಗ್ಗು ಇದೆ.

ಆ ಮಡಿಕೆಯನ್ನು ಹುಡುಕಬೇಕು. ಮಲಗಿ ನೋಡಿದರೆ ಸಿಗುವುದಿಲ್ಲ, ಮಲಗಿದಾಗ ಎಲ್ಲರ ಹೊಟ್ಟೆಯೂ ಸಮತಟ್ಟು. ಪ್ಲೇಟ್ ಇಲ್ಲದೆ ಒಮ್ಮೆ ಕುರ್ಚಿಯ ಮೇಲೆ ಕೂರಿ, ಮುಂದಕ್ಕೆ ಬಾಗಿ, ಪಕ್ಕಕ್ಕೆ ತಿರುಗಿ, ಎದ್ದು ನಿಲ್ಲಿ. ಬೇರೆಯವರು ಎದುರಿಗೆ ಕೂತು ನೋಡಿದರೆ ಇನ್ನೂ ಒಳ್ಳೆಯದು. ಅಪ್ಪ ಚಪ್ಪಲಿ ಹಾಕಿಕೊಳ್ಳಲು ಬಾಗಿದಾಗ ಮಾತ್ರ ಸ್ಟೋಮಾದ ಕೆಳಗೆ ಒಂದು ಗೆರೆ ಬೀಳುತ್ತಿತ್ತು, ಮಿಕ್ಕ ಹೊತ್ತಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಅಳತೆ

ಆಪರೇಷನ್ ಆದ ಮೇಲೆ ಸುಮಾರು 6ರಿಂದ 8 ವಾರ ಸ್ಟೋಮಾ ಊತ ಇಳಿದು ಚಿಕ್ಕದಾಗುತ್ತಲೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯನ್ನೇ ಹಿಡಿದುಕೊಂಡು ಎರಡು ತಿಂಗಳು ಕತ್ತರಿಸಿದರೆ ನಮ್ಮ ಮನೆಯ ಕಥೆಯೇ ಆಗುತ್ತದೆ. ಈ ಅವಧಿಯಲ್ಲಿ ವಾರಕ್ಕೊಮ್ಮೆ ಅಳೆಯಿರಿ. ಪ್ಲೇಟಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ತೂತುಗಳಿರುವ ಅಳತೆ ಕಾರ್ಡ್ ಸಿಗುತ್ತದೆ. ಆಮೇಲೂ ತೂಕ ಏರಿದರೆ, ಇಳಿದರೆ ಮತ್ತೆ ಅಳತೆ ನೋಡಿ.

ತೂತು ಸ್ಟೋಮಾಕ್ಕಿಂತ ಸುತ್ತಲೂ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಅದಕ್ಕಿಂತ ದೊಡ್ಡದಾದರೆ ಬರಿ ಚರ್ಮ ಸಿಗುತ್ತದೆ, ಅಲ್ಲಿಂದಲೇ ಉರಿ ಶುರು. ಬಿಗಿ ಇದ್ದರೆ ಒಳ್ಳೆಯದಲ್ವಾ ಅಂದುಕೊಳ್ಳಬೇಡಿ. ಸ್ಟೋಮಾಕ್ಕೆ ನೋವಿನ ನರಗಳಿಲ್ಲ, ಪ್ಲೇಟಿನ ಅಂಚು ಉಜ್ಜಿ ಉಜ್ಜಿ ಕೊಯ್ದರೂ ನಿಮಗೆ ಗೊತ್ತಾಗುವುದಿಲ್ಲ. ಸ್ಟೋಮಾ ಮೊಟ್ಟೆಯ ಆಕಾರದಲ್ಲಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೇಲಿಟ್ಟು ಗೆರೆ ಎಳೆದು ಅಚ್ಚು ಮಾಡಿಕೊಳ್ಳಿ. ಕತ್ತರಿಸಿದ ಮೇಲೆ ಅಂಚಿಗೆ ಬೆರಳಾಡಿಸಿ, ಚುಚ್ಚುವ ಮೊನೆಗಳನ್ನು ಸವರಿ ನಯ ಮಾಡಿ.

ಬಿಚ್ಚುವುದು, ತೊಳೆಯುವುದು

ಕರುಳು ಸುಮ್ಮನಿರುವ ಹೊತ್ತು ನೋಡಿ ಕೈ ಹಾಕಿ. ಹೆಚ್ಚಿನವರಿಗೆ ಬೆಳಿಗ್ಗೆ ಏನೂ ತಿನ್ನುವ, ಕುಡಿಯುವ ಮೊದಲಿನ ಹೊತ್ತು ಸರಿಹೋಗುತ್ತದೆ. ಹೊಸ ಪ್ಲೇಟ್ ಕತ್ತರಿಸಿ, ಬೇಕಾದ್ದನ್ನೆಲ್ಲ ಕೈಗೆಟುಕುವ ಹಾಗೆ ಹರಡಿಕೊಂಡು ಆಮೇಲೆ ಹಳೆಯದನ್ನು ಬಿಚ್ಚಿ. ಅರ್ಧದಲ್ಲಿ ಕತ್ತರಿ ಹುಡುಕಲು ಹೋದಾಗಲೇ ಸ್ಟೋಮಾಕ್ಕೆ ಕೆಲಸ ನೆನಪಾಗುವುದು!

ಪ್ಲೇಟನ್ನು ಚರ್ಮದಿಂದ ಕೀಳಬೇಡಿ. ಒಂದು ಮೂಲೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಚರ್ಮವನ್ನು ಕೆಳಕ್ಕೆ ಒತ್ತುತ್ತಾ ಬಿಡಿಸಿ. ಬರದಿದ್ದರೆ ಬೆಚ್ಚಗಿನ ನೀರು, ಇಲ್ಲವೇ ಅಂಟು ಬಿಡಿಸುವ ಸಿಲಿಕೋನ್ ಸ್ಪ್ರೇ.

ತೊಳೆಯಲು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು. ಡೆಟಾಲ್, ಸ್ಪಿರಿಟ್, ಮಕ್ಕಳ ವೈಪ್ಸ್, ಎಣ್ಣೆ, ಲೋಷನ್ ಯಾವುದೂ ಬೇಡ. ಕೆನೆ ಇರುವ ಸೋಪೂ ಬೇಡ, ಅದು ಬಿಡುವ ತೆಳು ಪದರದ ಮೇಲೆ ಪ್ಲೇಟ್ ಹಿಡಿಯುವುದಿಲ್ಲ. ಒರೆಸುವಾಗ ಸ್ಟೋಮಾದಿಂದ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೀಳಬೇಡಿ, ಹಲ್ಲುಜ್ಜುವಾಗ ಒಸಡಿನಲ್ಲಿ ಬರುವ ಹಾಗೆಯೇ ಅದು. ಕೂದಲಿದ್ದರೆ ಟ್ರಿಮ್ಮರ್‌ನಿಂದ ಸ್ಟೋಮಾದಿಂದ ಹೊರಮುಖವಾಗಿ ಕತ್ತರಿಸಿ. ಕೂದಲ ಮೇಲೆ ಅಂಟಿಸಿ ಕಿತ್ತರೆ ಬುಡದಲ್ಲಿ ಸಣ್ಣ ಸಣ್ಣ ಕೀವುಗುಳ್ಳೆ ಏಳುತ್ತವೆ.

ಆಮೇಲೆ ಒಣಗಿಸುವುದು. ಒತ್ತಿ ಒತ್ತಿ ನೀರು ತೆಗೆದು ಒಂದೆರಡು ನಿಮಿಷ ಗಾಳಿಗೆ ಬಿಡಿ. ಯುರೊಸ್ಟಮಿ ಇರುವವರು ಗಾಜ್ ಬಟ್ಟೆಯನ್ನು ಸುರುಳಿ ಸುತ್ತಿ ಸ್ಟೋಮಾದ ಬಾಯಿಗೆ ಹಿಡಿದುಕೊಂಡರೆ ಅಷ್ಟು ಹೊತ್ತು ಚರ್ಮ ಒಣಗಿರುತ್ತದೆ.

ಹಸಿ ಚರ್ಮಕ್ಕೆ ಪೌಡರ್, ತಗ್ಗಿಗೆ ಪೇಸ್ಟ್

ಈ ಎರಡನ್ನೂ ತಪ್ಪಾಗಿ ಬಳಸುವವರೇ ಹೆಚ್ಚು, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಸ್ಟೋಮಾ ಪೌಡರ್ ಇರುವುದು ನೀರು ಜಿನುಗುವ ಚರ್ಮಕ್ಕೆ ಮಾತ್ರ. ಒಣ ಚರ್ಮಕ್ಕೆ ಹಾಕಿದರೆ ಅಂಟು ಹಿಡಿಯುವುದಿಲ್ಲ, ನೀವೇ ಕೈಯಾರೆ ಸೋರಿಕೆ ತಂದುಕೊಂಡ ಹಾಗೆ. ಹಸಿ ಜಾಗದ ಮೇಲೆ ಪೌಡರ್ ಉದುರಿಸಿ, ಒಂದು ನಿಮಿಷ ಬಿಟ್ಟು, ಒಣ ಟಿಶ್ಯೂವಿನಿಂದ ಹಾಗೇ ಝಾಡಿಸಿ. ಹಸಿ ಇರುವ ಕಡೆ ಮಾತ್ರ ಪುಡಿ ಕಚ್ಚಿಕೊಂಡು ಉಳಿಯುತ್ತದೆ. ಅದರ ಮೇಲೆ ಆಲ್ಕೋಹಾಲ್ ಇಲ್ಲದ ಬ್ಯಾರಿಯರ್ ಫಿಲ್ಮ್ (ಚರ್ಮ ಕಾಯುವ ತೆಳು ಲೇಪ) ಅನ್ನು ಉಜ್ಜದೆ ಒತ್ತಿ ಒತ್ತಿ ಹಚ್ಚಿ ಒಣಗಲು ಬಿಡಿ. ಇದನ್ನೇ ಎರಡು ಮೂರು ಸಲ ಮಾಡಿದರೆ ತೆಳು ಹಕ್ಕಳೆಯ ಹಾಗೆ ಒಂದು ಪದರ ಕಟ್ಟುತ್ತದೆ, ಅದರ ಮೇಲೆ ಪ್ಲೇಟ್ ಕೂರುತ್ತದೆ. ಚರ್ಮ ಮಾಗಿದ ದಿನದಿಂದ ಪೌಡರ್ ನಿಲ್ಲಿಸಿ.

ಪೇಸ್ಟ್ ಹೆಸರು ನೋಡಿ ಗೋಂದು ಅಂದುಕೊಳ್ಳುತ್ತೇವೆ. ಅದು ಗೋಡೆಯ ಬಿರುಕಿಗೆ ತುಂಬುವ ಗಾರೆಯ ಹಾಗೆ, ಸಂದು ಮುಚ್ಚಲು ಇರುವುದು. ತೂತಿನ ಅಂಚಿಗೆ ಸಣ್ಣ ದಾರದಷ್ಟು ದಪ್ಪ ಒಂದು ಸುತ್ತು ಸಾಕು, ಮೆತ್ತಿದಷ್ಟೂ ಪ್ಲೇಟ್ ಎತ್ತರಕ್ಕೆ ನಿಂತು ಕೆಳಗೆ ದಾರಿಯಾಗುತ್ತದೆ. ಹಲವು ಪೇಸ್ಟ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಹಸಿ ಗಾಯಕ್ಕೆ ತಾಗಿದರೆ ಪ್ರಾಣ ಹೋಗುವಷ್ಟು ಉರಿ. ನನಗೆ ಕೇಳಿದರೆ ಬಹಳ ಜನರಿಗೆ ಪೇಸ್ಟ್‌ಗಿಂತ ಅದೇ ಕೆಲಸಕ್ಕೆ ಬರುವ ಮೆತ್ತನೆ ಬಳೆಯಂಥ ರಿಂಗ್ ಸುಲಭ. ಹಿಟ್ಟಿನ ಹಾಗೆ ಬೆರಳಲ್ಲಿ ಎಳೆದು, ಒತ್ತಿ, ಸ್ಟೋಮಾದ ಸುತ್ತ ಸರಿಯಾಗಿ ಕೂರಿಸಬಹುದು. ತಗ್ಗಿರುವ ಕಡೆ ಒಂದು ಚೂರು ಹೆಚ್ಚಿಗೆ ಇಟ್ಟರೆ ಆಯಿತು.

ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದರೆ ಅಥವಾ ಒಳಗೆ ಹೋಗಿದ್ದರೆ ಸಪಾಟಾದ ಪ್ಲೇಟ್ ಬಹುಶಃ ನಿಮಗಲ್ಲ. ಹಿಂಬದಿ ಉಬ್ಬಿರುವ ಕಾನ್ವೆಕ್ಸ್ ಪ್ಲೇಟ್ ಸುತ್ತಲಿನ ಚರ್ಮವನ್ನು ಒತ್ತಿ ಸ್ಟೋಮಾವನ್ನು ಮುಂದೆ ತರುತ್ತದೆ. ಆದರೆ ಒತ್ತಡ ಜಾಸ್ತಿಯಾದರೆ ಹುಣ್ಣಾಗುತ್ತದೆ, ಪಕ್ಕದಲ್ಲಿ ಹರ್ನಿಯಾ ಉಬ್ಬಿದ್ದರೂ ತೊಂದರೆ. ಇದನ್ನು ಸ್ಟೋಮಾ ನರ್ಸ್ ನೋಡಿ ಹೇಳಿದ ಮೇಲೆಯೇ ಹಾಕಿ.

ಅಂಟಿಸುವುದು

ಪ್ಲೇಟನ್ನು ಐದು ನಿಮಿಷ ಕಂಕುಳಲ್ಲೋ ಅಂಗೈಗಳ ನಡುವೆಯೋ ಇಟ್ಟು ಬೆಚ್ಚಗೆ ಮಾಡಿ. ಈ ಅಂಟಿಗೆ ಮೈ ಶಾಖ ಮತ್ತು ಒತ್ತಡ ಎರಡೂ ಬೇಕು. ನಿಂತುಕೊಂಡು, ಮಡಿಕೆಗಳು ಬಿಡಿಸಿಕೊಳ್ಳುವ ಹಾಗೆ ಹೊಟ್ಟೆಯನ್ನು ಹಿಗ್ಗಿಸಿ ಕೆಳಗಿನಿಂದ ಮೇಲಕ್ಕೆ ಕೂರಿಸಿ. ಮೊದಲು ಸ್ಟೋಮಾದ ಪಕ್ಕದಲ್ಲೇ ಬೆರಳಿಂದ ಸುತ್ತ ಒತ್ತಿ, ಆಮೇಲೆ ಹೊರ ಅಂಚು. ಕೊನೆಗೆ ಅಂಗೈ ಇಟ್ಟು ಕೆಲವು ನಿಮಿಷ ಸುಮ್ಮನೆ ಹಿಡಿದುಕೊಳ್ಳಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಅಂಟಿಸಿದ ಕೂಡಲೇ ಬಾಗುವುದು, ಸ್ನಾನಕ್ಕೆ ಓಡುವುದು ಬೇಡ.

ಪ್ಲೇಟನ್ನು ಹಿಡಿದಿಡುವ ಬೆಲ್ಟ್ ಹಾಕುವುದಾದರೆ ಅದು ಸ್ಟೋಮಾದ ಮಟ್ಟದಲ್ಲೇ ನೇರ ಇರಲಿ. ಸೊಂಟಕ್ಕೆ ಏರಿಸಿ ಕಟ್ಟಿದರೆ ಪ್ಲೇಟನ್ನು ಒಂದು ಕಡೆ ಎಳೆಯುತ್ತದೆ.

ಅಂದ ಹಾಗೆ, ಮೈಗೆ ಅಂಟಿಸಿ ಬಳಸಿ ಬಿಸಾಡುವ ಬ್ಯಾಗಿನ ಯೋಚನೆ ಬಂದದ್ದು 1954ರಲ್ಲಿ, ಡೆನ್ಮಾರ್ಕಿನ ನರ್ಸ್ ಎಲಿಸ್ ಸೊರೆನ್ಸನ್ ಅವರಿಗೆ. ಸ್ಟೋಮಾ ಆದ ತಂಗಿ ಸೋರಿಕೆಗೆ ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು.

ಖಾಲಿ ಮಾಡುವುದು, ಬದಲಿಸುವುದು

ಬ್ಯಾಗ್ ಮೂರನೇ ಒಂದು ಭಾಗ, ತುಂಬ ಅಂದರೆ ಅರ್ಧ ತುಂಬಿದಾಗ ಖಾಲಿ ಮಾಡಿ. ಭಾರವೇ ಪ್ಲೇಟನ್ನು ಎಳೆದು ಬಿಡಿಸುತ್ತದೆ. ಮಲಗುವ ಮುಂಚೆ ತಪ್ಪದೆ ಒಮ್ಮೆ. ಯುರೊಸ್ಟಮಿಗೆ ರಾತ್ರಿ ಬೇರೆ ದೊಡ್ಡ ಚೀಲ ಜೋಡಿಸಿದರೆ ನಿದ್ದೆ ಕೆಡುವುದಿಲ್ಲ. ಗಾಳಿ ತುಂಬಿ ಉಬ್ಬಿತು ಅಂತ ಪಿನ್ನಿನಿಂದ ಚುಚ್ಚಲು ಹೋಗಬೇಡಿ.

ಕೊಲೊಸ್ಟಮಿಯಲ್ಲಿ ಇನ್ನೊಂದು ಕಾಟ ಇದೆ. ಬ್ಯಾಗಿನ ಒಳಬದಿಗಳು ಒಂದಕ್ಕೊಂದು ಅಂಟಿಕೊಂಡು ಮಲ ಕೆಳಗಿಳಿಯದೆ ಸ್ಟೋಮಾದ ಬಾಯಲ್ಲೇ ರಾಶಿಯಾಗಿ ಪ್ಲೇಟಿನ ಅಡಿಗೆ ನುಗ್ಗುತ್ತದೆ. ಹಾಕುವ ಮೊದಲು ಬ್ಯಾಗಿಗೆ ಸ್ವಲ್ಪ ಗಾಳಿ ಬಿಡಿ, ಒಳಗೆ ಬ್ಯಾಗಿಗೆಂದೇ ಬರುವ ಜಾರುದ್ರವ ಸವರಿ, ಗಾಳಿ ಹೊರಬಿಡುವ ಫಿಲ್ಟರ್ ಮೇಲೆ ಅದರ ಸ್ಟಿಕ್ಕರ್ ಹಚ್ಚಿ ನೋಡಿ.

ಪ್ಲೇಟ್ ಎಷ್ಟು ದಿನಕ್ಕೆ ಬದಲಿಸಬೇಕು? ಹೆಚ್ಚಿನವರಿಗೆ 3ರಿಂದ 4 ದಿನ, ಕೆಲವರಿಗೆ ವಾರದ ತನಕವೂ ಇರುತ್ತದೆ. ಜಾಸ್ತಿ ದಿನ ಇಟ್ಟೆ ಅನ್ನುವುದು ಗೆಲುವೇನಲ್ಲ. ನಿಮ್ಮದು ನಾಲ್ಕನೇ ದಿನ ಸೋರುತ್ತದೆ ಅಂದರೆ ಮೂರನೇ ದಿನ ಬದಲಿಸಿ, ಅಷ್ಟೇ. ಮಧ್ಯದಲ್ಲಿ ಪ್ಲೇಟಿನ ಕೆಳಗೆ ತುರಿಕೆ, ಉರಿ ಶುರುವಾದರೆ ಆಗಲೇ ಬಿಚ್ಚಿ. ಮೇಲಿಂದ ಟೇಪ್ ಹಾಕಿದರೆ ಹೊರಗೆ ಸೋರುವುದು ನಿಲ್ಲಬಹುದು, ಒಳಗೆ ಚರ್ಮ ಬೇಯುತ್ತಲೇ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ

ಕೆಂಪಾಗಿ, ತುರಿಕೆಯಾಗಿ, ಅಂಚಿನಾಚೆ ಚುಕ್ಕಿ ಚುಕ್ಕಿ ಗುಳ್ಳೆ ಹರಡುತ್ತಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಮನೆಯಲ್ಲಿರುವ ಮುಲಾಮು ಹಚ್ಚಬೇಡಿ, ಜಿಡ್ಡಿನ ಮೇಲೆ ಪ್ಲೇಟ್ ನಿಲ್ಲುವುದಿಲ್ಲ. ಪೌಡರ್ ರೂಪದ ಔಷಧಿ ಇರುತ್ತದೆ, ಡಾಕ್ಟರನ್ನು ಕೇಳಿ.

ಸ್ಟೋಮಾ ಕಡುನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಇಲಿಯೊಸ್ಟಮಿಯಿಂದ ಗಂಟೆಗಟ್ಟಲೆ ಏನೂ ಬರದೆ ಹೊಟ್ಟೆ ಹಿಂಡಿ ವಾಂತಿಯಾದರೆ, ಇಲ್ಲವೇ ನೀರಿನ ಹಾಗೆ ಸುರಿದು ಬಾಯಿ ಒಣಗಿ ತಲೆ ತಿರುಗಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಸೋರಿಕೆಗೆಂದೇ ಸ್ಟೋಮಾ ನರ್ಸ್ ಹತ್ತಿರ ಹೋಗುವುದಾದರೆ ಬಿಚ್ಚಿದ ಹಳೆಯ ಪ್ಲೇಟನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಮೇಲ್ತುದಿಯ ಗುರುತಿನ ಸಮೇತ. ಮುಜುಗರವಾದರೆ ಹಿಂಬದಿಯ ಫೋಟೊ ಸಾಕು, ಜೊತೆಗೆ ನೀವು ಕೂತಿರುವಾಗ ಹೊಟ್ಟೆಯ ಒಂದು ಫೋಟೊ. ನಮ್ಮ ನರ್ಸ್ ಅಪ್ಪನ ಪ್ಲೇಟನ್ನು ಬೆಳಕಿಗೆ ಹಿಡಿದು, ತೂತಿನೊಳಗೆ ತಮ್ಮ ಕಿರುಬೆರಳಿಟ್ಟು ಸುತ್ತ ಒಂದು ಸಲ ಆಡಿಸಿದರು, ಆಮೇಲೆ ಅಳತೆ ಕಾರ್ಡ್ ಎತ್ತಿಕೊಂಡು ಕೇಳಿದ್ದು ಇಷ್ಟೇ: "ಕೊನೆಯ ಸಲ ಅಳತೆ ತಗೊಂಡಿದ್ದು ಯಾವಾಗ?"