ಕಲ್ಲಿದ್ದಲು ಗಣಿಯ ನೀರನ್ನು ನಿಭಾಯಿಸುವುದು ಹೇಗೆ?

ನೆಲದಡಿಯ ಗಣಿಯಲ್ಲಿ ಚಾವಣಿಯಿಂದ ತೊಟ್ಟಿಕ್ಕುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಬಹಳ ಸಲ ಅದು ತಿಳಿಯಾಗೇ ಇರುತ್ತದೆ. ಅದೇ ನೀರು ನೆಲಕ್ಕೆ ಬಿದ್ದು, ಕಲ್ಲಿದ್ದಲ ಪುಡಿಯ ಮೇಲೆ ಹರಿದು, ಯಂತ್ರದಿಂದ ಸೋರಿದ ಎಣ್ಣೆಯನ್ನೂ ಸೇರಿಸಿಕೊಂಡು ನೂರು ಮೀಟರ್ ಆಚೆಯ ಸಂಪ್ ತಲುಪುವ ಹೊತ್ತಿಗೆ ಕಾಡಿಗೆಯಂತೆ ಕಪ್ಪಾಗಿರುತ್ತದೆ. ನೀರನ್ನು ಕೆಡಿಸಿ ಆಮೇಲೆ ತೊಳೆಯುವುದಕ್ಕಿಂತ ಕೆಡದಂತೆ ಕಾಯುವುದು ಎಷ್ಟೋ ಸುಲಭ. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ಅಳೆಯಿರಿ. ಬರುವ ನೀರೆಷ್ಟು, ಬಳಸುವುದೆಷ್ಟು, ಹೊರಗೆ ಬಿಡುವುದೆಷ್ಟು, ಆವಿಯಾಗಿ ಮತ್ತು ಕಲ್ಲಿದ್ದಲಿಗೆ ಅಂಟಿ ಹೋಗುವುದೆಷ್ಟು ಅಂತ ತಿಂಗಳಿಗೊಮ್ಮೆ ಒಂದೇ ಹಾಳೆಯ ಮೇಲೆ ಬರೆಯಿರಿ. ಪ್ರತಿ ಪಂಪಿನ ಪೈಪಿಗೆ ಒಂದು ಮೀಟರ್ ಬೇಕು. ಸೆಕೆಂಡಿಗೆ 5 ಲೀಟರ್ ಎತ್ತುವ ಸಣ್ಣ ಪಂಪೇ ದಿನಕ್ಕೆ 4,32,000 ಲೀಟರ್ ಹೊರಹಾಕುತ್ತದೆ. ಅಂದಾಜಿನ ಮೇಲೆ ನಡೆಯುವ ಕೆಲಸ ಇದಲ್ಲ.

ಚರಂಡಿಯಲ್ಲಿ ಹರಿಯುವ ನೀರಿಗೆ ಮೀಟರ್ ಕೂರುವುದಿಲ್ಲ. ಅಲ್ಲಿ 90 ಡಿಗ್ರಿಯ ವಿ ಆಕಾರಕ್ಕೆ ಕಚ್ಚು ಕೊರೆದ ತಗಡನ್ನು ಅಡ್ಡ ನಿಲ್ಲಿಸಿ, ಕಚ್ಚಿನ ತಳದಿಂದ ನೀರಿನ ಎತ್ತರ ನೋಡಿ. 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಇದ್ದರೆ ಸುಮಾರು 25 ಲೀಟರ್. ಎತ್ತರ ಎರಡು ಪಟ್ಟಾದರೆ ನೀರು ಐದು ಪಟ್ಟಿಗೂ ಜಾಸ್ತಿ! ಹಾಗಾಗಿ ಎತ್ತರದಲ್ಲಿ ಸಣ್ಣ ತಪ್ಪಾದರೂ ಲೆಕ್ಕ ತುಂಬಾ ಕೆಡುತ್ತದೆ. ಕಚ್ಚಿನ ಹತ್ತಿರ ನೀರಿನ ಮಟ್ಟ ತಗ್ಗುವುದರಿಂದ ಅಳತೆ ಪಟ್ಟಿಯನ್ನು ತಗಡಿಗೆ ಅಂಟಿಸಬೇಡಿ, ಸ್ವಲ್ಪ ಹಿಂದೆ ನೀರು ನಿಧಾನವಾಗಿರುವ ಜಾಗದಲ್ಲಿ ನೆಡಿ.

ಇನ್ನು ಗಣಿಯ ಒಳಗೆ. ಚಾವಣಿಯಿಂದ ಜಾಸ್ತಿ ನೀರು ಇಳಿಯುವ ಕಡೆ ಅಲ್ಲೇ ತಗಡು ಕಟ್ಟಿ, ಪೈಪಿನಲ್ಲಿ ಹಿಡಿದು, ಬೇರೆ ಸಂಪಿಗೆ ಕಳಿಸಿ. ರಾಡಿ ನೀರಿನ ಸಂಪನ್ನು ಎರಡು ಭಾಗ ಮಾಡಿ, ಮೊದಲನೆಯದರಲ್ಲಿ ಹೂಳು ಕೂರಲಿ, ಎರಡನೆಯದರಿಂದ ಪಂಪ್ ಎಳೆಯಲಿ. ಪಂಪಿನ ಆಯಸ್ಸೂ ಹೆಚ್ಚುತ್ತದೆ.

ಹಳೆಯ, ಬಿಟ್ಟುಹೋದ ಗಣಿ ಪಕ್ಕದಲ್ಲಿದ್ದರೆ ಮಾತ್ರ ಬೇರೆಯೇ ಎಚ್ಚರ ಬೇಕು. 2002ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್ ಗಣಿಯಲ್ಲಿ ಕೆಲಸಗಾರರು ನೀರು ತುಂಬಿದ ಹಳೆಯ ಗಣಿಗೆ ಗೊತ್ತಿಲ್ಲದೆ ತೂತು ಹಾಕಿಬಿಟ್ಟರು. ಅವರ ಕೈಯಲ್ಲಿದ್ದ ನಕ್ಷೆಯಲ್ಲಿ ಆ ಹಳೆಯ ಸುರಂಗಗಳೆಲ್ಲ ಪೂರ್ತಿ ಇರಲಿಲ್ಲ. ಒಂಬತ್ತು ಮಂದಿ ಮೂರು ದಿನಕ್ಕೂ ಹೆಚ್ಚು ಹೊತ್ತು ಒಳಗೆ ಸಿಕ್ಕಿಬಿದ್ದು, ಎಲ್ಲರೂ ಬದುಕಿ ಬಂದರು. ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಮುಂದೆ ರಂಧ್ರ ಕೊರೆದು ನೋಡಿಯೇ ಹೆಜ್ಜೆ ಇಡಿ.

ಬಳಕೆಯ ವಿಷಯಕ್ಕೆ ಬಂದರೆ, ಧೂಳಿಗೆ ಹೊಡೆಯುವ ಸ್ಪ್ರೇ ನೀರನ್ನು ಉಳಿಸುತ್ತೇನೆ ಅಂತ ದಯವಿಟ್ಟು ಕಡಿಮೆ ಮಾಡಬೇಡಿ. ಆ ಧೂಳು ಕೆಲಸಗಾರರ ಎದೆಗೂಡಿಗೆ ಹೋಗುತ್ತದೆ. ಉಳಿಸಬೇಕಾದ್ದು ಬೇರೆ ಕಡೆ: ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಪಟ್ಟಿ ನಿಂತರೂ ಸುಮ್ನೆ ಸುರಿಯುತ್ತಿರುವ ಸ್ಪ್ರೇಗೆ ತಾನಾಗಿ ಮುಚ್ಚುವ ವಾಲ್ವ್ ಹಾಕಿ, ಸೋರುವ ಜಾಯಿಂಟ್ ಬಿಗಿ ಮಾಡಿ, ರಸ್ತೆಗೆ ಚಿಮುಕಿಸಲು ಮತ್ತು ಕಲ್ಲಿದ್ದಲು ತೊಳೆಯಲು ಗಣಿಯ ನೀರನ್ನೇ ಬಳಸಿ. ಮತ್ತೆ ಬಳಸಿದ ನೀರನ್ನು ಒಳಗಿನ ಸ್ಪ್ರೇಗೆ ಕೊಡುವುದಾದರೆ ಚೆನ್ನಾಗಿ ಸೋಸಿ, ರೋಗಾಣು ಇಲ್ಲ ಅಂತ ಪರೀಕ್ಷೆಯನ್ನೂ ಮಾಡಿಸಿ. ಆ ತುಂತುರನ್ನು ಜನ ಉಸಿರಾಡುತ್ತಾರೆ.

ಈಗ ಮೇಲೆ ಬನ್ನಿ, ಮಳೆ ನೀರಿನ ಹತ್ತಿರ. ಒಂದು ಹೆಕ್ಟೇರಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. 4 ಹೆಕ್ಟೇರ್ ಅಂಗಳಕ್ಕೆ 50 ಮಿಲಿಮೀಟರ್ ಸುರಿದರೆ 20 ಲಕ್ಷ ಲೀಟರ್, ಮತ್ತು ಲಾರಿ ಓಡಾಡಿ ಗಟ್ಟಿಯಾದ ನೆಲದಲ್ಲಿ ಇಂಗುವುದು ಬಹಳ ಕಡಿಮೆ. ಆದ್ದರಿಂದ ಅಂಗಳದ ಮೇಲ್ಭಾಗದಲ್ಲಿ ಅಡ್ಡಕಾಲುವೆ ತೆಗೆದು, ಗುಡ್ಡದಿಂದ ಬರುವ ತಿಳಿ ನೀರನ್ನು ಕಲ್ಲಿದ್ದಲ ರಾಶಿಯ ಹತ್ತಿರಕ್ಕೂ ಬಿಡದೆ ಸುತ್ತು ಹಾಕಿಸಿ ಹಳ್ಳಕ್ಕೆ ಸೇರಿಸಿ. ಅಂಗಳದೊಳಗೆ ಬಿದ್ದದ್ದು ಮಾತ್ರ ಕೆಳಭಾಗದ ಹೂಳು ಕೊಳಕ್ಕೆ ಹೋಗಲಿ. ಈ ಒಂದು ಕಾಲುವೆಯಿಂದ ಕೊಳದ ಗಾತ್ರ ಅರ್ಧಕ್ಕಿಂತ ಕಡಿಮೆಯಾದರೂ ಆಶ್ಚರ್ಯವಿಲ್ಲ.

ಕೊಳದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ತಳ ಸೇರುವುದಿಲ್ಲ. 0.1 ಮಿಲಿಮೀಟರಿನ ಮರಳಿನ ಕಣ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. 0.002 ಮಿಲಿಮೀಟರಿನ ಜೇಡಿ ಕಣಕ್ಕೆ ಹೆಚ್ಚುಕಮ್ಮಿ ಮೂರು ದಿನ ಬೇಕು, ಕಲ್ಲಿದ್ದಲು ಹಗುರವಾದ್ದರಿಂದ ಅಷ್ಟೇ ಸಣ್ಣ ಕಣಕ್ಕೆ ಇನ್ನೂ ಜಾಸ್ತಿ. ಅದಕ್ಕೇ ಕೊಳ ಉದ್ದಕ್ಕಿರಲಿ, ನೀರು ಬರುವ ಬಾಯಿ ಒಂದು ತುದಿಗೆ, ಹೋಗುವ ಬಾಯಿ ಇನ್ನೊಂದು ತುದಿಗೆ. ಆದರೂ ತಿಳಿಯಾಗದಿದ್ದರೆ ಕಣಗಳನ್ನು ಗಂಟುಕಟ್ಟಿಸುವ ರಾಸಾಯನಿಕ ಹಾಕಬಹುದು, ಮೊದಲು ಜಾಡಿಯಲ್ಲಿ ಪ್ರಯೋಗ ಮಾಡಿ ಪ್ರಮಾಣ ತಿಳಿದುಕೊಂಡು. ಮಳೆಗಾಲಕ್ಕೆ ಮುಂಚೆ ಹೂಳೆತ್ತಿ. ತುಂಬಿದ ಕೊಳ ಇದ್ದೂ ಇಲ್ಲದಂತೆ.

ಚರಂಡಿಯ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಕಂಡರೆ ಅಲ್ಲೇ ನಿಲ್ಲಿ. ಕಲ್ಲಿದ್ದಲಿನ ಜೊತೆ ಇರುವ ಪೈರೈಟ್ ಎಂಬ ಖನಿಜ ಗಾಳಿ, ನೀರು ಎರಡೂ ತಾಗಿದಾಗ ಗಂಧಕದ ಆಮ್ಲ ಬಿಡುತ್ತದೆ, ಕಬ್ಬಿಣ ಕರಗಿ ಹೊರಬರುತ್ತದೆ. ಪಿಎಚ್ (ನೀರು ಎಷ್ಟು ಹುಳಿ ಅಂತ ಹೇಳುವ ಅಂಕಿ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಅಳೆಯಿರಿ. ಹುಳಿ ಇದ್ದರೆ ಸುಣ್ಣ ಹಾಕಿ, ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಬೀಳಿಸಿ ಗಾಳಿ ಸೇರಿಸಿದರೆ ಕಬ್ಬಿಣ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಹೊರಗೆ ಬಿಡುವ ನೀರಿನ ಪಿಎಚ್ ಸಾಮಾನ್ಯವಾಗಿ 6ರಿಂದ 9ರ ಆಸುಪಾಸಿನಲ್ಲಿರಬೇಕು, ನಿಮ್ಮ ಪರವಾನಗಿಯಲ್ಲಿರುವ ಅಂಕಿಯೇ ಕೊನೆಯ ಮಾತು. ಸುಣ್ಣದಿಂದ ಉಪ್ಪಿನಂಶ ಮಾತ್ರ ಹೋಗುವುದಿಲ್ಲ. ಅದನ್ನು ಬೇರೆಯಾಗಿ ಅಳೆಯಬೇಕು.

ಗಣಿ ಮುಚ್ಚಿ ಪಂಪ್ ನಿಲ್ಲಿಸಿದ ಮೇಲೂ ಕೆಲಸ ಇದೆ. ನೀರು ವರ್ಷಗಟ್ಟಲೆ ನಿಧಾನವಾಗಿ ಏರಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯಿಂದ ಹೊರಬರುತ್ತದೆ. ಅದು ಯಾವ ಬಾಯಿ ಅಂತ ಈಗಲೇ ಗುರುತಿಸಿ, ಪಕ್ಕದಲ್ಲಿ ಒಂದು ಕೊಳವೆ ಇಳಿಸಿ, ತಿಂಗಳಿಗೊಮ್ಮೆ ಟೇಪು ಬಿಟ್ಟು ನೀರಿನ ಮಟ್ಟ ಬರೆದಿಡಿ.