ಕಿವಿ ಸೋರುತ್ತದೆ, ಖೋ ಖೋ ಬಿಡಲಾಗುವುದಿಲ್ಲ, ಸೈನ್ಸೂ ಬೇಕು: ಹೇಗೆ ನಿಭಾಯಿಸುವುದು?

ಮಳೆಗಾಲ ಬಂದರೆ ಸಾಕು, ನನ್ನ ಎಡಗಿವಿ ಸೋರಲು ಶುರು. ಬೆಳಗ್ಗೆ ದಿಂಬಿನ ಮೇಲೆ ಹಳದಿ ಕಲೆ. ಏಳನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿ ತನಕ ಇದೇ ಕತೆ. ಅದರ ನಡುವೆಯೇ ಪಿಸಿಎಂಬಿ ಓದಿದೆ, ಖೋ ಖೋ ಆಡಿದೆ. ಮೊದಲೆರಡು ವರ್ಷ ಯಾರಿಗೂ ಹೇಳದೆ ಹತ್ತಿ ತುರುಕಿಕೊಂಡು ಓಡಾಡಿದೆ, ಕಿವಿ ಇನ್ನಷ್ಟು ಕೆಟ್ಟಿತು. ಹಾಗಾಗಿ ನಾನು ತಡವಾಗಿ ಕಲಿತದ್ದನ್ನು ನೀವು ಬೇಗ ಕಲಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಯಾವ ತೊಂದರೆ ಅಂತ ತಿಳಿದುಕೊಳ್ಳಿ

ಹೊರಗಿನ ಕಾಲುವೆಯ ಚರ್ಮಕ್ಕೆ ಸೋಂಕು ತಗುಲುವುದು ಒಂದು. ಇದು ಈಜುವವರಿಗೆ ಜಾಸ್ತಿ, ಹಾಲೆ ಎಳೆದರೆ ಪ್ರಾಣ ಹೋದಂತಾಗುತ್ತದೆ. ಕಿವಿತಮಟೆಯಲ್ಲಿ ತೂತಿರುವುದು ಬೇರೆಯೇ. ಇದರಲ್ಲಿ ನೋವು ಕಡಿಮೆ, ಸೋರುವುದು ಜಾಸ್ತಿ, ನೆಗಡಿಯಾದಾಗಲೆಲ್ಲ ಮರಳಿ ಬರುತ್ತದೆ, ಯಾಕೆಂದರೆ ಮೂಗಿನ ಹಿಂಬದಿಯಿಂದ ನಡುಗಿವಿಗೆ ಯೂಸ್ಟೇಶಿಯನ್ ನಳಿಕೆ ಎಂಬ ದಾರಿಯಿದೆ. ನನ್ನದು ಈ ಎರಡನೆಯದು. ಇಎನ್‌ಟಿ ಡಾಕ್ಟರು ಒಳಗೆ ನೋಡದೆ ಇದು ಗೊತ್ತಾಗುವುದಿಲ್ಲ.

ಜೊತೆಗೆ ಆಡಿಯೋಗ್ರಾಮ್ ಮಾಡಿಸಿ. 250ರಿಂದ 8000 ಹರ್ಟ್ಸ್‌ವರೆಗಿನ ಸದ್ದುಗಳಲ್ಲಿ ಯಾವುದು ಎಷ್ಟು ಸಣ್ಣದಾಗಿದ್ದರೂ ನಿಮಗೆ ಕೇಳುತ್ತದೆ ಎಂದು ತೋರಿಸುವ ಗ್ರಾಫ್ ಅದು. ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಳೆಯ ಗ್ರಾಫ್ ಎಸೆಯಬೇಡಿ, ಮುಂದಿನ ವರ್ಷ ಹೋಲಿಸಲು ಬೇಕು.

ಸೋರುವ ಕಿವಿಯ ಜೊತೆ ತಲೆಸುತ್ತು, ಜ್ವರ, ಜೋರು ತಲೆನೋವು, ಕಿವಿಯ ಹಿಂದೆ ಊತ ಅಥವಾ ಮುಖ ಒಂದು ಕಡೆ ವಾಲುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ನಾಳೆ ಟೆಸ್ಟ್ ಇದೆ ಅಂತ ಕೂರಬೇಡಿ. ಸದಾ ಕೆಟ್ಟ ವಾಸನೆ ಬರುತ್ತಿದ್ದರೂ ಬೇಗ ತೋರಿಸಿ. ಒಳಗೆ ಚರ್ಮ ಗಂಟಾಗಿ ಬೆಳೆದು ಮೂಳೆ ತಿನ್ನುತ್ತಿರಬಹುದು.

ಒಣಗಿಸಿಡುವುದೇ ಅರ್ಧ ಕೆಲಸ

ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲೀನ್ ಚೆನ್ನಾಗಿ ಸವರಿ ಕಿವಿಯ ಬಾಯಿಗಿಡಿ, ಮುಗಿದ ಮೇಲೆ ತೆಗೆದುಬಿಡಿ. ಬರೀ ಹತ್ತಿ ನೀರನ್ನು ಹೀರುತ್ತದೆ, ತಡೆಯುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬೇಡ. ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ, ತಲೆಗೆ ಹಚ್ಚಿಸಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ಡ್ರಾಪ್ಸೂ ಬೇಡ. ತಮಟೆ ತೂತಾಗಿದ್ದರೆ ಕೆಲವು ಆಂಟಿಬಯಾಟಿಕ್ ಡ್ರಾಪ್ಸ್ ಒಳಗಿವಿಗೆ ಹಾನಿ ಮಾಡಬಲ್ಲವು. ಸೋರುವ ಕಿವಿಗೆ ಇಯರ್‌ಫೋನ್ ಹಾಕಲೇಬೇಡಿ.

ಬೆಂಚು ಬದಲಿಸಿ

ಎಡಗಿವಿ ಮಂದವಾಗಿದ್ದರೆ ಎಡಗೋಡೆ ಕಡೆಯ ಮುಂದಿನ ಬೆಂಚು ಹಿಡಿಯಿರಿ. ಆಗ ಇಡೀ ಕ್ಲಾಸು ನಿಮ್ಮ ಒಳ್ಳೆಯ ಕಿವಿಯ ಕಡೆ ಇರುತ್ತದೆ. ಫ್ಯಾನಿನ ಕೆಳಗೆ ಕೂರಬೇಡಿ. ಲೆಕ್ಚರರಿಗೆ ಒಂದು ಮಾತು ಹೇಳಿ. ನನಗೆ ನಾಚಿಕೆ, ಹೇಳಿರಲಿಲ್ಲ. ಅವರು ಕರೆದದ್ದು ಕೇಳಿಸದೆ ಸುಮ್ನೆ ಕೂತಿದ್ದಕ್ಕೆ ಇವಳಿಗೆ ಜಂಬ ಅನ್ನಿಸಿಕೊಂಡೆ.

ಮೈದಾನದಲ್ಲಿ

ಖೋ ಖೋದಲ್ಲಿ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಖೋ ಬರುವುದು ಬೆನ್ನಿನಿಂದ. ಖೋ ಸಿಗುವ ಮೊದಲೇ ಎದ್ದರೆ ಫೌಲ್. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಅಂತ ಮಿದುಳು ಲೆಕ್ಕ ಹಾಕುವುದು ಎರಡು ಕಿವಿಗೂ ಅದು ತಲುಪುವ ಸಮಯದ ವ್ಯತ್ಯಾಸದಿಂದ, ಯಾವ ಕಿವಿಗೆ ಎಷ್ಟು ಜೋರಾಗಿ ಕೇಳಿತು ಅನ್ನುವ ವ್ಯತ್ಯಾಸದಿಂದ. ಆ ಸಮಯದ ವ್ಯತ್ಯಾಸ ಹೆಚ್ಚೆಂದರೂ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಒಂದು ಕಿವಿ ಮಂದವಾದರೆ ಈ ಲೆಕ್ಕ ತಪ್ಪುತ್ತದೆ. ನಾನು ಪಕ್ಕದವಳ ಖೋಗೆ ಎದ್ದು ಓಡಿದ್ದೇನೆ!

ಆದರೆ ನಿಯಮದಲ್ಲೇ ದಾರಿ ಇದೆ ನೋಡಿ: ಖೋ ಅನ್ನುವಾಗ ಕೈಯಿಂದ ಬೆನ್ನು ಮುಟ್ಟಲೂಬೇಕು. ಸರಿಯಾಗಿ ತಟ್ಟಿ ಅಂತ ತಂಡದವರಿಗೆ ಹೇಳಿಟ್ಟ ಮೇಲೆ, ಕಿವಿಗಿಂತ ಬೆನ್ನನ್ನು ನಂಬುವುದು ಅಭ್ಯಾಸವಾಯಿತು. ಕೋಚ್‌ಗೆ ಮೊದಲೇ ಹೇಳದಿದ್ದರೆ ಇದು ಆಗುತ್ತಿರಲಿಲ್ಲ.

ಕಬಡ್ಡಿಯಲ್ಲಿ ಕಿವಿಗೆ ಅಂಗೈ ಬಡಿದರೆ ಚೆನ್ನಾಗಿರುವ ತಮಟೆಯೂ ಹರಿಯಬಹುದು. ಇನ್ನು ಈಜು. ತೂತಿರುವವರೆಗೆ ಡಾಕ್ಟರು ಒಪ್ಪದೆ ನೀರಿಗಿಳಿಯಬೇಡಿ, ಡೈವಿಂಗ್ ಅಂತೂ ಬೇಡವೇ ಬೇಡ. 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ, ಅಂದರೆ ಎರಡೇ ಮೀಟರಿಗೂ ಐದನೇ ಒಂದು ಭಾಗ.

ಕಿವಿಯನ್ನೇ ಲ್ಯಾಬ್ ಮಾಡಿಕೊಳ್ಳಿ

ನನಗೆ ಅತಿ ಇಷ್ಟವಾದ ಭಾಗ ಇದು. ಚೆನ್ನಾಗಿರುವ ಕಿವಿಯನ್ನು ಬೆರಳಿನಿಂದ ಮುಚ್ಚಿ ಬಾಯಿ ತೆರೆಯದೆ 'ಮ್‌' ಅನ್ನಿ. ಮುಚ್ಚಿದ ಕಡೆಯೇ ಜೋರಾಗಿ ಕೇಳುತ್ತದೆ, ಅಲ್ವಾ? ಡಾಕ್ಟರು ಹಣೆಗೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇಟ್ಟು ನೋಡುವುದು ಇದನ್ನೇ. ತೊಂದರೆ ತಮಟೆ ಅಥವಾ ನಡುಗಿವಿಯಲ್ಲಿದ್ದರೆ ಸದ್ದು ಕೆಟ್ಟ ಕಿವಿಯ ಕಡೆ ವಾಲುತ್ತದೆ, ಒಳಗಿವಿಯಲ್ಲಿದ್ದರೆ ಒಳ್ಳೆಯದರ ಕಡೆ. ಅವರು ಬಳಸುವುದು ಸಾಮಾನ್ಯವಾಗಿ 512 ಹರ್ಟ್ಸ್‌ನದು, ಫಿಸಿಕ್ಸ್ ಲ್ಯಾಬಿನ ಪೆಟ್ಟಿಗೆಯಲ್ಲೂ ಅದು ಇರುತ್ತದೆ.

ಅನುರಣನ ನಳಿಕೆಯ ಪ್ರಯೋಗ ಮಾಡಿದ್ದೀರಲ್ಲ, ಆ ಫೋರ್ಕಿಗೆ ಸದ್ದು ಜೋರಾಗುವುದು ಗಾಳಿಯ ಕಂಬ ಸುಮಾರು 16 ಸೆಂ.ಮೀ. ಇದ್ದಾಗ. ಕಿವಿಯ ಕಾಲುವೆಯೂ ಒಂದು ತುದಿ ಮುಚ್ಚಿದ ನಳಿಕೆಯೇ, ಉದ್ದ ಸುಮಾರು 2.5 ಸೆಂ.ಮೀ. ಶಬ್ದದ ವೇಗ, ಅಂದರೆ ಸೆಕೆಂಡಿಗೆ 340 ಮೀಟರನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿ, 3400 ಹರ್ಟ್ಸ್ ಬರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದು ಆ ಸುತ್ತಮುತ್ತಲೇ.

ತಮಟೆಯ ಲೆಕ್ಕ ಇನ್ನೂ ಚೆಂದ. ಅದು ಒಳಗಿವಿಯ ಕಿಟಕಿಗಿಂತ ಸುಮಾರು 17 ಪಟ್ಟು ದೊಡ್ಡದು, ನಡುಗಿವಿಯ ಪುಟ್ಟ ಮೂಳೆಗಳು ಸನ್ನೆಕೋಲಿನಂತೆ (ಲಿವರ್) ಕೆಲಸ ಮಾಡುವುದರಿಂದ ಮತ್ತೆ 1.3 ಪಟ್ಟು ಲಾಭ. ಗುಣಿಸಿದರೆ 22 ಪಟ್ಟು ಒತ್ತಡ, ಸುಮಾರು 27 ಡೆಸಿಬೆಲ್. ತಮಟೆ ತೂತಾದರೆ ಯಾಕೆ ಕಡಿಮೆ ಕೇಳುತ್ತದೆ ಅಂತ ನನಗೆ ಅರ್ಥವಾದದ್ದು ಇದನ್ನು ರಫ್ ಬುಕ್ಕಿನಲ್ಲಿ ಮಾಡಿದ ದಿನ. ಪ್ರಾಜೆಕ್ಟ್ ಹುಡುಕುತ್ತಿದ್ದರೆ ಇದನ್ನೇ ತಗೊಳ್ಳಿ.

ಆಪರೇಷನ್ನಿಗೆ ತಾರೀಖು

ತೂತು ಮುಚ್ಚಲು ಹೆಚ್ಚಾಗಿ ಕಿವಿಯ ಮೇಲಿನ ಸ್ನಾಯುವಿನ ತೆಳು ಪೊರೆ ತೆಗೆದು ತೇಪೆ ಹಾಕುತ್ತಾರೆ. ಅದಕ್ಕೆ ಮುಂಚೆ ಕೆಲವು ವಾರ ಕಿವಿ ಒಣಗಿದ್ದರೆ ಒಳ್ಳೆಯದು, ಅದಕ್ಕೇ ಸೋರಿದ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಡಾಕ್ಟರಿಗೆ ತೋರಿಸಿ. ಅವಸರವಿಲ್ಲ ಅಂತ ಅವರು ಹೇಳಿದರೆ ಪರೀಕ್ಷೆ, ಸಿಇಟಿ ಎರಡೂ ಮುಗಿದ ಬೇಸಿಗೆ ರಜೆ ಸರಿ. ಆಮೇಲೆ ಕೆಲವು ವಾರ ಮೂಗು ಜೋರಾಗಿ ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ, ಓಡುವಂತಿಲ್ಲ. ಸೀನು ಬಂದರೆ ಬಾಯಿ ತೆರೆದು ಸೀನಿ.

ಮೈದಾನಕ್ಕೆ ಹೋಗದೆ ಇರಲಾರಿರಿ, ಗೊತ್ತು. ಸ್ಕೋರ್ ಬರೆಯುವ ಕೆಲಸ ಕೇಳಿ. ನಾನೂ ಅದನ್ನೇ ಮಾಡಿದೆ. ಆಟ ನೋಡುತ್ತಾ ನೋಡುತ್ತಾ ಮೂರು ಔಟ್ ಬರೆಯುವುದನ್ನೇ ಮರೆತೆ, ಮತ್ತೆ ನನ್ನ ಕೈಗೆ ಪೆನ್ ಕೊಡಲಿಲ್ಲ.