ಹಿಮದ ಊರಿಗೆ ಸೆಡಾನ್ ಸಾಕು: ಲೆಗಸಿ ಜೊತೆ ನನ್ನ ಅನುಭವ

ನನ್ನ 2015ರ ಸುಬಾರು ಲೆಗಸಿ ಈ ಚಳಿಗಾಲದಲ್ಲಿ 1,80,000 ಮೈಲಿ ದಾಟಿತು. ಎಂಜಿನ್ ಬಿಚ್ಚಿಲ್ಲ, ಸಿವಿಟಿ (ಗೇರ್ ಪೆಟ್ಟಿಗೆ) ಬದಲಾಯಿಸಿಲ್ಲ. ಕೊಂಡ ಹೊಸದರಲ್ಲಿ "ಡುಲೂತ್‌ನಲ್ಲಿ ಸೆಡಾನೇ?" ಎಂದು ನಕ್ಕವರು ಬಹಳ ಜನ. ಅವರಲ್ಲೇ ಇಬ್ಬರು ಮೂವರು ಈಗ ಟೈರಿನ ಅಳತೆ, ಎಣ್ಣೆಯ ಲೆಕ್ಕ ಕೇಳಿ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಒಮ್ಮೆ ಬರೆದೇ ಬಿಡುತ್ತೇನೆ. ಜಾಕ್ ಹಾಕಿ ಚಕ್ರ ಕಳಚಲು ಬರುವವರಿಗೆ ಮಾತ್ರ ಇದು. ನಾಲ್ಕು ಚಕ್ರದ ಎಳೆತ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠ ಇಲ್ಲಿಲ್ಲ.

ಊರಿನ ವಿಷಯ ಎರಡು ಮಾತು. ಮಿನ್ನೆಸೋಟದ ಡುಲೂತ್ ಸುಪೀರಿಯರ್ ಸರೋವರದ ಕಡೆಗೆ ಇಳಿಜಾರಾಗಿ ನಿಂತ ಊರು. ಅವೆನ್ಯೂಗಳು ಗುಡ್ಡದ ನೆತ್ತಿಯಿಂದ ನೇರ ನೀರಿಗೆ ಇಳಿಯುತ್ತವೆ, ತಿರುವು ಗಿರುವು ಏನೂ ಇಲ್ಲ. 1991ರ ಹ್ಯಾಲೋವೀನ್ ಬಿರುಗಾಳಿಯಲ್ಲಿ ಇಲ್ಲಿ 37 ಇಂಚಿನಷ್ಟು ಹಿಮ ಬಿದ್ದದ್ದನ್ನು ನೆರೆಯವರು ಇಂದಿಗೂ ನಿನ್ನೆ ಮೊನ್ನೆಯದು ಎಂಬಂತೆ ವರ್ಣಿಸುತ್ತಾರೆ. ನನ್ನ ಕೆಲಸ ಹೆದ್ದಾರಿ 53ರಲ್ಲಿ ಅರವತ್ತು ಚಿಲ್ಲರೆ ಮೈಲಿ ಉತ್ತರಕ್ಕೆ, ಕಬ್ಬಿಣದ ಗಣಿಗಳ ಸೀಮೆಯಲ್ಲಿ. ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನ ಕಥೆ ಕೇಳುತ್ತ ಬೆಳೆದವನು ಇಲ್ಲಿ ಬಂದು ಟ್ಯಾಕೊನೈಟ್ ಅರೆಯುತ್ತಿದ್ದೇನೆ. ಎರಡೂ ಕಳಪೆ ದರ್ಜೆಯ ಅದಿರೇ, ಎರಡನ್ನೂ ನುಣ್ಣಗೆ ಪುಡಿ ಮಾಡಿ ಅಯಸ್ಕಾಂತದಿಂದಲೇ ಬೇರೆ ಮಾಡಬೇಕು. ಆ ಮಾತು ಇನ್ನೊಮ್ಮೆ. ಹೇಳಬೇಕಾದದ್ದು ಇಷ್ಟು: ವಾರದಲ್ಲಿ ಮೂರು ನಾಲ್ಕು ದಿನ ಈ ದಾರಿ ತುಳಿಯಲೇಬೇಕು, ಹಿಮ ಬಿತ್ತೆಂದು ರಜೆ ಸಿಗುವುದಿಲ್ಲ.

ಕಾರು ಕೊಂಡದ್ದು 2016ರಲ್ಲಿ. ಒಂದು ವರ್ಷ ಓಡಿದ್ದು, 2.5 ಲೀಟರಿನ ಎಂಜಿನ್, ಬೆಲೆ ಸುಮಾರು 18,000 ಡಾಲರ್. ಅದೇ ಹಣಕ್ಕೆ ಸಿಗುತ್ತಿದ್ದ ಎಸ್‌ಯುವಿಗಳು ಇನ್ನಷ್ಟು ಹಳೆಯವು, ಇನ್ನಷ್ಟು ಓಡಿದವು. ಯುಗಾದಿಗೆ ಮೇಪಲ್ ಗ್ರೋವ್‌ನ ದೇವಸ್ಥಾನಕ್ಕೆ ಹೋದಾಗ ದಾವಣಗೆರೆಯ ಸ್ನೇಹಿತರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನು ಸ್ವಾಮಿ, ಹೊಟ್ಟೆ ನೆಲಕ್ಕೆ ತಾಗುತ್ತಿದೆಯಲ್ಲ, ಇದರಲ್ಲಿ ಜನವರಿ ಕಳೆಯುತ್ತೀರಾ?" ಎಂದರು. ಅವರದು ಮೂರು ಸಾಲು ಸೀಟಿನ ದೊಡ್ಡ ಗಾಡಿ. ನಾನು ಅಂದು ಸುಮ್ಮನಿದ್ದೆ.

ಸುಮ್ಮನಿರಲು ಕಾರಣವಿತ್ತು. ಮೊದಲ ಚಳಿಗಾಲ ಚೆನ್ನಾಗಿರಲಿಲ್ಲ. ಕಾರಿನ ಜೊತೆ ಬಂದ ಆಲ್ ಸೀಸನ್ ಟೈರಿನಲ್ಲಿ ಗುಡ್ಡ ಹತ್ತುವುದು ಸಲೀಸಾಗಿತ್ತು. ನಡು ಏರಿನಲ್ಲಿ ಕೆಂಪು ದೀಪಕ್ಕೆ ನಿಂತು ಹೊರಟರೂ ಹೊರಡುತ್ತಿತ್ತು. ಇಳಿಯುವಾಗ ಮಾತ್ರ ನಾಲ್ಕು ಚಕ್ರದ ಎಳೆತ ಕೆಲಸಕ್ಕೆ ಬರಲಿಲ್ಲ. ಡಿಸೆಂಬರ್‌ನ ಒಂದು ಬೆಳಗ್ಗೆ ಅವೆನ್ಯೂ ಇಳಿಯುತ್ತಿದ್ದಾಗ ಎಬಿಎಸ್ ಗರಗರ ಎನ್ನುತ್ತಲೇ ಇತ್ತು, ಕಾರು ಸ್ಟಾಪ್ ಫಲಕವನ್ನು ನಿಧಾನವಾಗಿ, ಮರ್ಯಾದೆಯಿಂದ ದಾಟಿಕೊಂಡು ಹೋಗಿ ಅಡ್ಡರಸ್ತೆಯ ನಡುವೆ ನಿಂತಿತು. ಎದುರಿನಿಂದ ಯಾರೂ ಬರಲಿಲ್ಲ, ಸದ್ಯ. ನಾಲ್ಕು ಚಕ್ರ ಎಳೆಯುವುದು ಹೊರಡುವುದಕ್ಕೆ, ನಿಲ್ಲುವುದಕ್ಕಲ್ಲ. ಗೊತ್ತಿದ್ದ ಮಾತೇ, ಆದರೆ ಕಾಲಿನ ಅಡಿಯಲ್ಲಿ ಪೆಡಲ್ ನಡುಗುವಾಗ ಬೇರೆಯೇ ರೀತಿ ಗೊತ್ತಾಗುತ್ತದೆ.

ಆ ವಾರವೇ ಚಳಿಗಾಲದ ಟೈರು ತರಿಸಿದೆ, ಮೊಳೆ ಇಲ್ಲದ್ದು. ಮಿನ್ನೆಸೋಟದ ನಿವಾಸಿಗಳಿಗೆ ಮೊಳೆ ಟೈರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಅಳತೆ 225/55 ಆರ್17, ನಾಲ್ಕಕ್ಕೆ 650 ಡಾಲರ್ ಆಸುಪಾಸು. ಪ್ರತಿ ಸಲ ರಿಮ್ಮಿನಿಂದ ಕಳಚಿ ಹಾಕಿಸಿದರೆ ವರ್ಷಕ್ಕೆ ಎರಡು ಬಾರಿ ನೂರರ ಮೇಲೆ ಕೂಲಿ, ಜೊತೆಗೆ ಟೈರಿನ ಅಂಚೂ ಹಾಳು. ಅದಕ್ಕೆ ಬೇರೆ ರಿಮ್ಮು ಹುಡುಕಿದೆ. 2015ರಿಂದ ಲೆಗಸಿಯ ಬೋಲ್ಟ್ ಅಳತೆ 5x114.3 (ಐದು ಬೋಲ್ಟು, ಅವು ಕೂತ ವೃತ್ತದ ಅಡ್ಡಳತೆ 114.3 ಮಿಲಿಮೀಟರ್), ಹಿಂದಿನ ತಲೆಮಾರಿನದು 5x100. ಇದು ಗೊತ್ತಿಲ್ಲದ ಮಾರಾಟಗಾರರು "ಎಲ್ಲ ಸುಬಾರುವಿಗೂ ಕೂರುತ್ತದೆ" ಎಂದು ಆಣೆ ಮಾಡುತ್ತಾರೆ. ಕೊನೆಗೆ ಇನ್ನೂರು ಡಾಲರಿಗೆ ನಾಲ್ಕರ ಒಂದು ಜೊತೆ ಸಿಕ್ಕಿತು. ಅದರಲ್ಲಿ ಒಂದು ರಿಮ್ಮು ಸೊಟ್ಟ. 50 ಮೈಲಿ ವೇಗ ದಾಟಿದರೆ ಸ್ಟಿಯರಿಂಗ್ ಅದುರುತ್ತಿತ್ತು. ಇನ್ನೊಂದು ರಿಮ್ಮಿಗೆ ಮತ್ತೆ ಎಪ್ಪತ್ತೋ ಎಂಬತ್ತೋ ಹೋಯಿತು. ಗಾಳಿಯ ಒತ್ತಡದ ಸೆನ್ಸರುಗಳಿಗೆ ಹಳೆಯ ಸೆನ್ಸರಿನ ಗುರುತುಸಂಖ್ಯೆಯನ್ನೇ ನಕಲು ಮಾಡಿ ಹಾಕಿಸಿ. ಆಗ ಋತು ಬದಲಾದಾಗಲೆಲ್ಲ ಕಾರಿಗೆ ಹೊಸದಾಗಿ ಪರಿಚಯಿಸುವ ಗೋಳಿಲ್ಲ. ಆ ಹಳದಿ ದೀಪಕ್ಕೆ ಟೇಪು ಅಂಟಿಸಿಕೊಂಡು ಓಡಿಸುವವರ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ಮರು ವರ್ಷ ದಾವಣಗೆರೆಯ ಸ್ನೇಹಿತರು ದೀಪಾವಳಿ ಕಳೆದ ಮೇಲೆ ಸಂಸಾರ ಸಮೇತ ನಮ್ಮಲ್ಲಿಗೆ ಬಂದಿದ್ದರು. ರಾತ್ರಿ ಹಿಮ ಬಿದ್ದು ಗಟ್ಟಿಯಾಗಿತ್ತು. ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಎರಡೂ ಗಾಡಿ ಒಯ್ದೆವು. ಗಂಟೆಗೆ 20 ಮೈಲಿ ವೇಗ, ಕಂಬದ ಪಕ್ಕಕ್ಕೆ ಬಂದೊಡನೆ ಪೂರ್ತಿ ಬ್ರೇಕ್, ಆಮೇಲೆ ಹೆಜ್ಜೆ ಎಣಿಕೆ. ನನ್ನದು ಇಪ್ಪತ್ತು ಹೆಜ್ಜೆಯ ಸುಮಾರಿಗೆ ನಿಂತಿತು. ಅವರದು ಮೂವತ್ತು ದಾಟಿ ಹೋಯಿತು. "ಇನ್ನೊಮ್ಮೆ ನೋಡೋಣ" ಎಂದರು. ಮತ್ತೆ ಅಷ್ಟೇ. ಗಾಡಿ ಬದಲಾಯಿಸಿಕೊಂಡು ಓಡಿಸಿದರೂ ಅಷ್ಟೇ. ವಾಪಸು ಬರುವಾಗ ಅವರ ಮಗಳು, "ಅಪ್ಪ, ನಮ್ಮದಕ್ಕೂ ಅಂಕಲ್ ಟೈರು ಹಾಕಿಸು" ಎಂದಳು. ಹಾಕಿಸಿದರು.

ಸೆಡಾನ್ ಸೋಲುವ ಕಡೆಯೂ ಇದೆ. ನೆಲದಿಂದ ಇದರ ಎತ್ತರ 5.9 ಇಂಚು, ಇದರದೇ ದಾಯಾದಿ ಔಟ್‌ಬ್ಯಾಕಿಗೆ 8.7. ಎಂಟು ಇಂಚಿನ ಹಸಿ ಹಿಮದಲ್ಲಿ ಮುಂದಿನ ಬಂಪರೇ ಹಿಮ ತಳ್ಳುತ್ತ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ನಗರಸಭೆಯ ಲಾರಿ ರಸ್ತೆ ಬಳಿದು ನಮ್ಮ ಮನೆ ಬಾಗಿಲಿಗೆ ಬಿಟ್ಟುಹೋಗುವ ದಿಬ್ಬ. ಅದು ಹಿಮವಲ್ಲ, ಕಲ್ಲು. ಅದರ ಮೇಲೆ ಹೊಟ್ಟೆ ಕೂತಿತೆಂದರೆ ನಾಲ್ಕು ಚಕ್ರವೂ ಗಾಳಿಯಲ್ಲಿ ತಿರುಗುತ್ತವೆ. ಚಕ್ರ ಜಾರದಂತೆ ತಡೆಯುವ ವಿಡಿಸಿ ಆರಿಸಿ ಹಿಂದೆ ಮುಂದೆ ತೂಗಾಡಿಸಿದರೆ ಕೆಲವೊಮ್ಮೆ ಬಿಡುಗಡೆ, ಇಲ್ಲವಾದರೆ ಸಲಿಕೆ. ನಾನು ಮೊದಲೇ ಸಲಿಕೆ ಹಿಡಿಯುತ್ತೇನೆ. ಹಿಂದಿನ ಡಿಕ್ಕಿಯಲ್ಲಿ ಮರಳಿನ ಚೀಲ ಇಡಿ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ಒಂದು ಚಳಿಗಾಲವಿಡೀ ಎರಡು ಚೀಲ ಹೊತ್ತು ನೋಡಿದೆ. ಹಿಂದಿನ ಚಕ್ರ ಮಾತ್ರ ಎಳೆಯುವ ಪಿಕಪ್‌ಗಳಿಗೆ ಸರಿ, ನಮಗೆ ಪೆಟ್ರೋಲ್ ದಂಡ ಅಷ್ಟೇ. ಮರಳು ಕೊನೆಗೆ ಮೆಟ್ಟಿಲ ಮೇಲೆ ಹರಡಲು ಬಂತು.

ಈಗ ನಿಜವಾಗಿ ಜಂಬಪಡುವ ವಿಷಯಕ್ಕೆ ಬರುತ್ತೇನೆ. ಹೆದ್ದಾರಿ 53ರ ಗುಂಡಿಯೊಂದಕ್ಕೆ ಬಿದ್ದು ಬೇಸಿಗೆಯ ಟೈರೊಂದರ ಪಕ್ಕ ಸೀಳಿತು. ಪಂಕ್ಚರ್ ಹಾಕುವಂತಿಲ್ಲ. ಉಳಿದ ಮೂರರಲ್ಲಿ ಟ್ರೆಡ್ (ನೆಲ ಕಚ್ಚುವ ರಬ್ಬರಿನ ಗೆರೆಗಳ ಆಳ) ಇಂಚಿನ 32ರಲ್ಲಿ 6 ಭಾಗ ಇತ್ತು, ಅಂದರೆ ಇನ್ನೂ ಎರಡು ಬೇಸಿಗೆ ಓಡುತ್ತವೆ. ಸುಬಾರುವಿನ ನಿಯಮ ಬಲ್ಲವರಿಗೆ ಗೊತ್ತು: ನಾಲ್ಕು ಟೈರಿನ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೊಸ ಟೈರಿನ ಟ್ರೆಡ್ 32ರಲ್ಲಿ 10. ನಾಲ್ಕು ಭಾಗದ ವ್ಯತ್ಯಾಸ ಸುತ್ತಳತೆಗೆ ಬರುವಾಗ ಮುಕ್ಕಾಲು ಇಂಚು ದಾಟುತ್ತದೆ, ಮಿತಿಯ ಮೂರು ಪಟ್ಟು. ಹಾಗೇ ಓಡಿಸಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಒಳಗಿನ ಕ್ಲಚ್ ತಟ್ಟೆಗಳು ಸದಾ ಜಾರುತ್ತ ಬಿಸಿಯಾಗುತ್ತವೆ, ಒಂದು ದಿನ ಪಾರ್ಕಿಂಗ್ ತಿರುವಿನಲ್ಲಿ ಕಾರು ಹಿಡಿದು ಹಿಡಿದು ಬಿಡುತ್ತದೆ. ಶೋರೂಮಿನ ಸಲಹೆಗಾರ ನಾಲ್ಕೂ ಹೊಸದು ಹಾಕಿ ಎಂದ, 700 ಡಾಲರ್. ಟೈರಿನಂಗಡಿಯವನು ಒಂದೇ ಹಾಕಿ, ಏನೂ ಆಗುವುದಿಲ್ಲ ಎಂದ. ಇಬ್ಬರ ಮಾತೂ ಬೇಡ ಎನಿಸಿತು.

ರೇಸಿನವರು ಹೊಸ ಟೈರನ್ನು ಲೇತಿನಂಥ ಯಂತ್ರಕ್ಕೆ ಕಟ್ಟಿ ಹೆರೆಸಿಕೊಳ್ಳುತ್ತಾರೆ. ಅದನ್ನೇ ಮಾಡಿಸಿದೆ. ಹಳೆಯ ಮೂರರ ಸುತ್ತಳತೆ ನಾನೇ ಅಳೆದೆ. ದರ್ಜಿಯ 60 ಇಂಚಿನ ಟೇಪು ಸಾಲದು, ಈ ಟೈರಿನ ಸುತ್ತ 84 ಇಂಚಿನ ಹತ್ತಿರ ಬರುತ್ತದೆ. ಹೂ ಕಟ್ಟುವ ದಾರ ಸುತ್ತಿ ನೋಡಿದೆ, ಎಳೆದಷ್ಟೂ ಹಿಗ್ಗುತ್ತದೆ. ಪರದೆ ಹೊಲಿಯುವವರ 120 ಇಂಚಿನ ಟೇಪು ಬಟ್ಟೆಯಂಗಡಿಯಲ್ಲಿ ಎರಡು ಮೂರು ಡಾಲರಿಗೆ ಸಿಗುತ್ತದೆ, ಅದು ಸರಿ. ಟ್ರೆಡ್ಡಿನ ನಡುಗೆರೆಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಟೇಪು ಓರೆಯಾಗದಂತೆ ಒಬ್ಬರು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿರಬೇಕು. ಗಾಳಿ ಎಲ್ಲಕ್ಕೂ ಒಂದೇ ಇರಬೇಕು, ಚಕ್ರ ನೆಲದಿಂದ ಎತ್ತಿರಬೇಕು. ಮೂರು ಸಲ ಅಳೆದು ಸರಾಸರಿ ಬರೆದುಕೊಂಡು ಹೋದೆ. ಯಂತ್ರದಲ್ಲಿ ಟೈರು ತಿರುಗುತ್ತಿದ್ದಂತೆ ರಬ್ಬರು ಸಣ್ಣ ಎಳೆ ಎಳೆಯಾಗಿ ಸುರುಳಿ ಬಿಚ್ಚಿಕೊಂಡು ನೆಲದ ಮೇಲೆ ರಾಶಿ ಬಿತ್ತು, ಅಂಗಡಿಯೆಲ್ಲ ಸುಟ್ಟ ವಾಸನೆ. ಹೊಸ ಟೈರನ್ನು ಹೀಗೆ ಕೆತ್ತಿಸುತ್ತೀರಲ್ಲ ಎಂದು ಪಕ್ಕದಲ್ಲಿ ನಿಂತವರೊಬ್ಬರು ತಲೆ ಚಚ್ಚಿಕೊಂಡರು. ಟೈರಿಗೆ 150, ಕೆತ್ತನೆಗೆ 30 ಡಾಲರ್. ಮನೆಗೆ ಬಂದು ಅಳೆದರೆ ಹತ್ತಿರ ಹತ್ತಿರ ಎಂಟನೇ ಒಂದು ಇಂಚಿನ ವ್ಯತ್ಯಾಸ. ಅದೇ ಜೊತೆ ಎರಡು ಬೇಸಿಗೆ ಓಡಿ ಒಟ್ಟಿಗೇ ಸವೆಯಿತು. ಅಂಗಡಿಯ ಹೆಸರು ಹೇಳುವುದಿಲ್ಲ, ಅಲ್ಲಿ ಈಗಲೇ ಸರದಿ ಉದ್ದವಿದೆ.

ಸಿವಿಟಿ ಎಣ್ಣೆಯ ಜಗಳ ಎಲ್ಲರಿಗೂ ಗೊತ್ತು. ಬದಲಿಸುವುದೇ ಬೇಡ ಎಂದು ಶೋರೂಮಿನವರು ಒಮ್ಮೆ, ಬದಲಿಸಲು ನಾನೂರು ಚಿಲ್ಲರೆ ಎಂದು ಅವರೇ ಇನ್ನೊಮ್ಮೆ. ಈ ಮಾದರಿಗೆ ಕಂಪನಿ ಸಿವಿಟಿ ವಾರಂಟಿಯನ್ನು 10 ವರ್ಷ ಅಥವಾ 1 ಲಕ್ಷ ಮೈಲಿಗೆ ಹಿಗ್ಗಿಸಿತ್ತು. ನನ್ನ ಓಟಕ್ಕೆ ಅದು ಬೇಗ ಮುಗಿಯುತ್ತದೆಂದು ಲೆಕ್ಕ ಹಾಕಿ ಸುಮಾರು 40,000 ಮೈಲಿಗೊಮ್ಮೆ ನಾನೇ ಇಳಿಸಿ ತುಂಬುತ್ತಿದ್ದೇನೆ. ಒಮ್ಮೆ ಇಳಿಸಿದರೆ ಅರ್ಧವೂ ಬರುವುದಿಲ್ಲ, ಆದ್ದರಿಂದ ಒಂದು ತಿಂಗಳು ಬಿಟ್ಟು ಇನ್ನೊಮ್ಮೆ. ಎರಡೂ ಸೇರಿ ನೂರು ಡಾಲರಿನ ಎಣ್ಣೆ. ಮೊದಲ ಸಲ ಹೊರಬಂದದ್ದು ಗಟ್ಟಿ ಡಿಕಾಕ್ಷನ್ ಬಣ್ಣದಲ್ಲಿತ್ತು. ತುಂಬುವ ತಿರುಪು ತುಕ್ಕಿನಿಂದ ಕಚ್ಚಿಕೊಂಡು ಅರ್ಧ ದಿನ ತಿಂದಿತು. ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಬೇಕು. ಕೈಪಂಪಿನ ಕೊಳವೆ ಜಾರಿ ಗ್ಯಾರೇಜಿನ ನೆಲಕ್ಕೂ ಒಂದಷ್ಟು ಎಣ್ಣೆ ಕುಡಿಸಿದ್ದಾಯಿತು. ಮಟ್ಟ ನೋಡಬೇಕಾದ್ದು ಎಣ್ಣೆ 35ರಿಂದ 45 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಎಂಜಿನ್ ಓಡುತ್ತಿರುವಾಗ. ನನ್ನ ಗ್ಯಾರೇಜಿನ ಚಳಿಯಲ್ಲಿ ಆ ಹದ ಹಿಡಿಯಲು ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಡಿಫರೆನ್ಷಿಯಲ್‌ನ (ಮುಂಚಕ್ರಗಳಿಗೆ ಬಲ ಹಂಚುವ ಗೇರಿನ) ತಿರುಪು ನಕ್ಷತ್ರದ ತಲೆಯ ಟಿ70 ಟಾರ್ಕ್ಸ್, ಎಂಜಿನ್ ಎಣ್ಣೆಯದು ಬೇರೆ, ಗೇರ್ ಪೆಟ್ಟಿಗೆಯದು ಬೇರೆ. ನನ್ನ ಪರಿಚಯದವರೊಬ್ಬರ ಕಾರಿಗೆ ಹದಿನೈದು ನಿಮಿಷದ ಎಣ್ಣೆಯಂಗಡಿಯೊಂದರಲ್ಲಿ ಗೇರ್ ಎಣ್ಣೆ ಇಳಿಸಿ ಎಂಜಿನ್ನಿಗೆ ಹೊಸದು ತುಂಬಿದ್ದರು. ಕಾರು ಎಳೆಸಿಕೊಂಡು ಬಂತು.

ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಮದ್ದಾಗಿ ಪ್ರತಿ ಅಕ್ಟೋಬರಿನಲ್ಲಿ ಕಾರಿನ ಅಡಿಭಾಗಕ್ಕೆ ಉಣ್ಣೆಯ ಜಿಡ್ಡಿನಿಂದ ಮಾಡಿದ ಎಣ್ಣೆ ಸಿಂಪಡಿಸುತ್ತೇನೆ. ಡಬ್ಬಿ, ಗನ್ನು ಎಲ್ಲ ಸೇರಿ ವರ್ಷಕ್ಕೆ 50 ಡಾಲರ್. ಮೊದಲ ವರ್ಷ ನನ್ನಾಕೆ ಗ್ಯಾರೇಜಿನ ಬಾಗಿಲು ತೆರೆದವಳೇ, "ಇದೇನು, ಕುರಿಮಂದೆಯನ್ನೇ ತಂದು ಕಟ್ಟಿದಿರಾ?" ಎಂದು ಬಾಗಿಲು ಹಾಕಿಕೊಂಡಳು. ಪ್ರಯೋಗಕ್ಕೆಂದು ಎಡಭಾಗಕ್ಕೆ ಮಾತ್ರ ಹೊಡೆದು ಒಂದು ಚಳಿಗಾಲ ಬಿಟ್ಟಿದ್ದೆ. ವಸಂತದಲ್ಲಿ ಬಲಗಡೆಯ ಬೋಲ್ಟುಗಳ ತಲೆ ಕೆಂಪಾಗಿದ್ದವು, ಎಡಗಡೆಯವು ಬೆರಳಿಗೆ ಜಿಡ್ಡು ಅಂಟಿಸಿದವು. ರಬ್ಬರ್ ಬುಷ್‌ಗಳಿಗೆ ತಾಗದಂತೆ ನೋಡಿಕೊಳ್ಳಿ, ಕೆಲವು ಉಬ್ಬುತ್ತವೆ.

ಉಳಿದದ್ದು ಚುಟುಕಾಗಿ. ಬೇಸಿಗೆಯ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 32 ಮೈಲಿ, ಚಳಿಗಾಲದಲ್ಲಿ 25ರ ಸುಮಾರು. 18.5 ಗ್ಯಾಲನ್ ಟ್ಯಾಂಕು, ಬೇಸಿಗೆಯಲ್ಲಿ ತುಂಬಿಸಿದರೆ ವಾರ ನೋಡುವ ಹಾಗಿಲ್ಲ. ಆಯಿಲ್ ಫಿಲ್ಟರ್ ಎಂಜಿನ್ನಿನ ಮೇಲೆಯೇ ಕೂತಿದೆ, ಇದನ್ನು ಅಲ್ಲಿಟ್ಟವನ ಹೊಟ್ಟೆ ತಣ್ಣಗಿರಲಿ. ಎಂಜಿನ್ನಿನಲ್ಲಿ ಜೋರಿಲ್ಲ, ಲಾರಿ ಹಿಂದೆ ಹಾಕಬೇಕಾದರೆ ಮೊದಲೇ ಯೋಚಿಸಿಕೊಳ್ಳಬೇಕು. ಲಾರಿ ಸಿಡಿಸಿದ ಕಲ್ಲಿಗೆ ಗಾಜು ಒಡೆದಾಗ ಗಾಜಿಗಿಂತ ಅದರ ಹಿಂದೆ ಕೂತು ಮುಂದಿನ ದಾರಿ ನೋಡುವ ಐಸೈಟ್ ಕ್ಯಾಮೆರಾಗಳನ್ನು ಮತ್ತೆ ಹೊಂದಿಸುವ ಖರ್ಚೇ ನೋಯಿಸಿತು. ವಿಮೆಯಲ್ಲಿ ಗಾಜಿನ ಕಲಮು ಇದೆಯೇ ನೋಡಿಕೊಳ್ಳಿ.

ಇಂಡಿಯಾನಾದ ಲಾಫಯೆಟ್ ಕಾರ್ಖಾನೆಯಲ್ಲಿ 1989ರಿಂದ ಬರುತ್ತಿದ್ದ ಲೆಗಸಿ 2025ರ ಮಾದರಿಯೊಂದಿಗೆ ನಿಂತಿತು, ಜನ ಎಸ್‌ಯುವಿಯನ್ನೇ ಕೊಳ್ಳುತ್ತಾರಂತೆ. ನನಗೆ ಲಾಭವೇ: ಔಟ್‌ಬ್ಯಾಕಿನ ಬಿಡಿಭಾಗಗಳಲ್ಲಿ ಬಹುಪಾಲು ಇದಕ್ಕೂ ಕೂರುತ್ತವೆ, ಹಳೆಯ ಲೆಗಸಿ ಕೇಳುವವರೂ ಕಡಿಮೆ. ಒಳ್ಳೆಯ 2023ರದ್ದು ಕಡಿಮೆ ಓಡಿದ್ದು ಸಿಕ್ಕರೆ ಹೇಳಿ. ಸದ್ಯಕ್ಕೆ ಹಿಂದಿನ ಎಡಚಕ್ರದ ಬೇರಿಂಗ್ 45 ಮೈಲಿ ವೇಗದಲ್ಲಿ ಗುಂಯ್ ಎನ್ನಲು ಶುರುಮಾಡಿದೆ. ಹೊಸದನ್ನು ತರಿಸಿಟ್ಟಿದ್ದೇನೆ, ಏಪ್ರಿಲ್‌ನಲ್ಲಿ ಅಡಿಯ ಉಪ್ಪು ತೊಳೆದ ಮೇಲೆ ಬಿಚ್ಚುತ್ತೇನೆ.